ಮುಂಗುಸಿಯ ಆಕ್ಷೇಪಣೆ

ಇಂಗ್ಲಿಷಿನವರು ಮುಂಗುಸಿಯನ್ನು ‘ಮಂಗೂಸ್’ ಎಂದು ಕರೆಯುತ್ತಾರೆ. ಆ ಶಬ್ದವು ಮರಾಠಿಯ ದಾರಿಯಿಂದ ಅವರ ಭಾಷೆಯನ್ನು ಸೇರಿತೆಂದೂ, ಅದರ ಬೇರನ್ನು ಅರಸಿಕೊಂಡು ಹೋದರೆ ಕನ್ನಡ ತೆಲುಗುಗಳ ಕುಲಕ್ಕೇ ಬಂದು ಮುಟ್ಟುವೆವೆಂದೂ ನಿಘಂಟುಕಾರರು ಹೇಳುತ್ತಾರೆ. ನಮ್ಮ ಹೊಲದ ಬದುಗಳಲ್ಲಿ ಹಾವಿಗಾಗಿ ಹೊಂಚುಹಾಕಿ ಕುಳಿತಿರುತ್ತಿದ್ದ ಆ ಜೀವಿಯ ಹೆಸರು ಸಮುದ್ರವನ್ನು ದಾಟಿ, ಹಲವು ನಾಲಗೆಗಳ ಮೇಲೆ ಹೊರಳಿ, ಕಡೆಗೆ 2010ರಲ್ಲಿ ಅಮೆರಿಕದ ಲರ್ನ್‌ಬೂಸ್ಟ್ ಎಂಬ ಸಂಸ್ಥೆಯವರು ರಚಿಸಿದ ಒಂದು ತಂತ್ರಾಂಶಕ್ಕೆ ಅಂಕಿತವಾಯಿತು. ಮಾಂಗೊಡಿಬಿ ಎಂಬ ಡೇಟಾಬೇಸಿಗೂ ನೋಡ್ ಎಂಬ ಜಾವಾಸ್ಕ್ರಿಪ್ಟ್ ವ್ಯವಸ್ಥೆಗೂ ನಡುವೆ ನಿಂತು, ಇತ್ತ ಪ್ರೋಗ್ರಾಮಿನೊಳಗಣ ವಸ್ತುವಿಗೂ ಅತ್ತ ಡೇಟಾಬೇಸಿನೊಳಗಣ ದಾಖಲೆಗೂ ಸಂಬಂಧವನ್ನು ಕಲ್ಪಿಸಿಕೊಡುವುದು ಈ ಮಂಗೂಸಿನ ಕಾಯಕ. ಆ ಕಾಯಕದಲ್ಲಿ ಅದು ಎತ್ತುವ ಒಂದು ಆಕ್ಷೇಪಣೆ, ಟೆಸ್ಟುಗಳನ್ನು ಬರೆಯುವ ಅಭ್ಯಾಸವುಳ್ಳ ಪ್ರೋಗ್ರಾಮರುಗಳಲ್ಲಿ ಬಹುಜನರಿಗೆ ಚಿರಪರಿಚಿತವಾದದ್ದು: ಒಮ್ಮೆ ಸಿದ್ಧವಾದ ಮಾಡೆಲಿನ ಮೇಲೆ ಅದೇ ಹೆಸರಿನ ಮತ್ತೊಂದನ್ನು ಬರೆಯಲಾಗದು ಎಂಬುದೇ ಆ ಆಕ್ಷೇಪಣೆಯ ತಾತ್ಪರ್ಯ.

ಆ ಸಂದರ್ಭವನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ಪ್ರೋಗ್ರಾಮರಳೊಬ್ಬಳು ‘ಯೂಸರ್’ ಎಂಬ ಫೈಲನ್ನು ಬರೆದಿದ್ದಾಳೆ. ಅದರ ಮೊದಲ ಭಾಗದಲ್ಲಿ ಒಂದು ಸ್ಕೀಮಾ ಇದೆ: ಹೆಸರು ಅಕ್ಷರಗಳ ಸಾಲಾಗಿರಬೇಕು, ವಯಸ್ಸು ಸಂಖ್ಯೆಯಾಗಿರಬೇಕು, ಇಮೇಲ್ ಇಲ್ಲದವರ ದಾಖಲೆಯನ್ನು ಸ್ವೀಕರಿಸಬಾರದು ಎಂಬಂತಹ ನಿಯಮಗಳ ಪಟ್ಟಿ ಅದು. ಕಡೆಯ ಸಾಲಿನಲ್ಲಿ ಆ ಸ್ಕೀಮಾವನ್ನು ಮಂಗೂಸಿನ ಕೈಗಿತ್ತು, ‘ಯೂಸರ್’ ಎಂಬ ಹೆಸರಿನಲ್ಲಿ ಇದನ್ನೊಂದು ಮಾಡೆಲನ್ನಾಗಿ, ಎಂದರೆ ಆ ನಿಯಮಗಳಂತೆ ದಾಖಲೆಗಳನ್ನು ಬರೆದು ಓದುವ ಸಾಧನವನ್ನಾಗಿ, ಮಾಡಿಕೊಡು ಎಂದು ಕೇಳಿದ್ದಾಳೆ. ಪಕ್ಕದ ಕಿಟಕಿಯಲ್ಲಿ ಮೋಕಾ ಎಂಬ ಟೆಸ್ಟ್ ಸಾಧನವು ಫೈಲುಗಳ ಮೇಲೆ ಕಣ್ಣಿಟ್ಟು ಕುಳಿತಿದೆ. ಯಾವ ಫೈಲನ್ನು ಉಳಿಸಿದರೂ ಅದು ತಾನಾಗಿಯೇ ಎಲ್ಲ ಟೆಸ್ಟುಗಳನ್ನೂ ಮರಳಿ ನಡೆಸುತ್ತದೆ. ಮೊದಲ ಸಲ ಎಲ್ಲವೂ ಹಸಿರು. ಆಕೆ ಎಲ್ಲಿಯೋ ಒಂದು ಟಿಪ್ಪಣಿಯ ಕಾಗುಣಿತವನ್ನು ತಿದ್ದಿ ಉಳಿಸುತ್ತಾಳೆ. ಎರಡನೆಯ ಸಲ ಟೆಸ್ಟುಗಳು ಆರಂಭವೇ ಆಗುವುದಿಲ್ಲ. ಮೊದಲ ಸಾಲಿನಲ್ಲಿಯೇ ಕೆಂಪು ಅಕ್ಷರಗಳಲ್ಲಿ ಮಂಗೂಸಿನ ಆಕ್ಷೇಪಣೆ. ಮೋಕಾವನ್ನು ನಿಲ್ಲಿಸಿ ಮತ್ತೆ ಹೊರಡಿಸಿದರೆ ಪುನಃ ಹಸಿರು. ಇನ್ನೊಂದು ಸಲ ಫೈಲನ್ನು ಉಳಿಸಿದೊಡನೆ ಪುನಃ ಕೆಂಪು. ಬರೆದ ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಟೆಸ್ಟಿನಲ್ಲಿಯೂ ದೋಷವಿಲ್ಲ, ಆದರೂ ಕೆಲಸ ಮುಂದಕ್ಕೆ ಸಾಗದು.

ಈ ಪೇಚಾಟವು ಮಂಗೂಸೊಂದರ ಸ್ವತ್ತೆಂದು ಭಾವಿಸುವುದು ಸರಿಯಾಗಲಾರದು. ಒಂದೇ ಹೆಸರಿಗೆ ಎರಡನೆಯ ಸಲ ನಿರೂಪಣೆ ಬಂದಾಗ ಯಂತ್ರವು ಏನು ಮಾಡಬೇಕೆಂಬ ಪ್ರಶ್ನೆ ಗಣಕಶಾಸ್ತ್ರದಲ್ಲಿ ಹಲವು ದಶಕಗಳಿಂದ ಮತ್ತೆ ಮತ್ತೆ ತಲೆಯೆತ್ತುತ್ತ ಬಂದಿದೆ. ಪ್ರತಿ ತಲೆಮಾರಿನವರೂ ಅದಕ್ಕೆ ತಮ್ಮದೊಂದು ಸಮಾಧಾನವನ್ನು ಕಂಡುಕೊಂಡಿದ್ದಾರೆ. ಇಂದಿನ ಪರಿಹಾರಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬುದನ್ನು ನಿಶ್ಚಯಿಸಬೇಕಾದರೆ ಆ ಪೂರ್ವಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಉಪಯುಕ್ತವಾದೀತು.

ಮೊದಮೊದಲಿನ ಯಂತ್ರಗಳಿಗೆ ಈ ತೊಂದರೆಯೇ ಇರಲಿಲ್ಲ. ಏಕೆಂದರೆ ಅವಕ್ಕೆ ನೆನಪಿರಲಿಲ್ಲ. 1949ರ ಮೇ ತಿಂಗಳಲ್ಲಿ ಕೇಂಬ್ರಿಡ್ಜಿನ ಎಡ್ಸ್ಯಾಕ್ ಯಂತ್ರವು ತನ್ನ ಮೊದಲ ಪ್ರೋಗ್ರಾಮನ್ನು ನಡೆಸಿತು. ಅದರ ನಿರ್ಮಾಪಕ ಮಾರಿಸ್ ವಿಲ್ಕ್ಸ್, ಆ ವರ್ಷವೇ ಗಣಿತದ ಒಂದು ಸಮೀಕರಣಕ್ಕಾಗಿ ತಾನು ಬರೆದ ಪ್ರೋಗ್ರಾಮನ್ನು ಸರಿಪಡಿಸುತ್ತ, ಯಂತ್ರದ ಕೋಣೆಗೂ ಕಾಗದದ ಪಟ್ಟಿಗೆ ತೂತು ಹೊಡೆಯುವ ಕೋಣೆಗೂ ನಡುವಣ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದಾಗ, ತನ್ನ ಉಳಿದ ಆಯುಸ್ಸಿನ ಬಹುಭಾಗವು ತಾನೇ ಮಾಡಿದ ತಪ್ಪುಗಳನ್ನು ಹುಡುಕುವುದರಲ್ಲಿಯೇ ಕಳೆದುಹೋಗುವುದೆಂಬ ಅರಿವು ಥಟ್ಟನೆ ಮೂಡಿತೆಂದು ಮುಂದೆ ಆತ್ಮಕಥೆಯಲ್ಲಿ ಸ್ಮರಿಸಿಕೊಂಡಿದ್ದಾನೆ. ಟೆಸ್ಟ್ ಮಾಡುವ ಕಸುಬಿನ ಚರಿತ್ರೆಗೆ ಆ ಮೆಟ್ಟಿಲುಗಳನ್ನೇ ನಾಂದಿಯೆಂದು ಇಟ್ಟುಕೊಳ್ಳಬಹುದು. ಆದರೆ ವಿಲ್ಕ್ಸನ ಕಷ್ಟಗಳಲ್ಲಿ ಮರುನಿರೂಪಣೆಯ ಕಷ್ಟವೊಂದು ಸೇರಿರಲಿಲ್ಲ. ಪ್ರತಿಯೊಂದು ಸಲವೂ ಪಟ್ಟಿಯನ್ನು ಮೊದಲಿನಿಂದ ಓದಿಸಬೇಕು; ಹಿಂದಿನ ಪ್ರಯೋಗದ ಹೆಸರಾಗಲಿ ಗುರುತಾಗಲಿ ಯಂತ್ರದಲ್ಲಿ ಉಳಿದಿರುತ್ತಿರಲಿಲ್ಲ. ಮುಂದೆ ಬಂದ ಪಂಚ್ ಕಾರ್ಡುಗಳ ಯುಗದಲ್ಲಿಯೂ ಇದೇ ಪದ್ಧತಿ: ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಗಂಟೆಗಟ್ಟಲೆ ಕಾದು, ಮುದ್ರಿತವಾದ ಉತ್ತರವನ್ನು ಪಡೆದು, ತಪ್ಪಿದ್ದರೆ ತಿದ್ದಿದ ಕಟ್ಟನ್ನು ಮತ್ತೆ ಒಪ್ಪಿಸುವುದು. ಕಾಲವ್ಯಯವೇನೋ ವಿಪರೀತವಾಗಿದ್ದಿತು, ಆದರೆ ಪ್ರತಿ ಪ್ರಯೋಗವೂ ಆಗತಾನೆ ಒರೆಸಿದ ಹಲಗೆಯ ಮೇಲಣ ಬರಹದಂತೆ ನಿರ್ಮಲವಾಗಿದ್ದಿತು.

ಯಂತ್ರವು ಮನುಷ್ಯನೊಡನೆ ಸಂವಾದಕ್ಕೆ ತೊಡಗಿದಂದು ಈ ನೈರ್ಮಲ್ಯ ಕೆಟ್ಟಿತು. 1961ರ ನವೆಂಬರಿನಲ್ಲಿ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಅದೇ ಸಂಸ್ಥೆಯಲ್ಲಿ ಜಾನ್ ಮೆಕಾರ್ಥಿಯ ಲಿಸ್ಪ್ ಭಾಷೆಯು ರೂಪುಗೊಂಡಿದ್ದಿತು. ಲಿಸ್ಪಿನಲ್ಲಿ ಕೆಲಸಮಾಡುವವನು ಒಂದು ನಿರೂಪಣೆಯನ್ನು ಟೈಪು ಮಾಡಿದರೆ ಅದು ಜೀವಂತವಾಗಿ ಯಂತ್ರದಲ್ಲಿ ನಿಲ್ಲುತ್ತಿತ್ತು. ಅದು ಸರಿಬಾರದಿದ್ದರೆ ಅದೇ ಹೆಸರಿಗೆ ಹೊಸ ನಿರೂಪಣೆಯನ್ನು ಕೊಟ್ಟು ಮುಂದುವರಿಯುತ್ತಿದ್ದನು. ಮರುನಿರೂಪಣೆ ಅಲ್ಲಿ ಅಪರಾಧವಲ್ಲ, ದಿನಚರಿ. ಆದರೂ ಲಿಸ್ಪಿನವರು ಒಂದು ಸೂಕ್ಷ್ಮವನ್ನು ಕಂಡುಕೊಂಡರು. ಒಂದು ಫೈಲನ್ನು ಎರಡನೆಯ ಸಲ ಓದಿಸಿದಾಗ ಅದರೊಳಗಣ ಕೆಲವು ಹೆಸರುಗಳಿಗೆ ಹೊಸ ಬೆಲೆ ಬರಬೇಕು. ಮತ್ತೆ ಕೆಲವಕ್ಕೆ, ಅಷ್ಟರಲ್ಲಿ ಕೂಡಿಹಾಕಿದ ವಿಷಯಗಳೆಲ್ಲ ನಷ್ಟವಾಗದಂತೆ, ಹಳೆಯ ಬೆಲೆಯೇ ಉಳಿಯಬೇಕು. ಅದಕ್ಕಾಗಿ ಕಾಮನ್ ಲಿಸ್ಪಿನಲ್ಲಿ ಎರಡು ಬೇರೆ ಬೇರೆ ಆಜ್ಞೆಗಳಿವೆ: ‘ಡೆಫ್‌ಪ್ಯಾರಾಮೀಟರ್’ ಎಂಬುದು ಪ್ರತಿ ಸಲವೂ ಹೊಸ ಬೆಲೆಯನ್ನು ಕೊಡುತ್ತದೆ, ‘ಡೆಫ್‌ವಾರ್’ ಎಂಬುದು ಹೆಸರಿಗೆ ಮೊದಲೇ ಬೆಲೆಯಿದ್ದರೆ ಸುಮ್ಮನಾಗುತ್ತದೆ. ಡೆಫ್‌ವಾರಿನ ಸಾಲನ್ನು ತಿದ್ದಿ, ಫೈಲನ್ನು ಮರಳಿ ಓದಿಸಿ, ತಿದ್ದಿದ್ದು ಏಕೆ ಫಲಿಸಲಿಲ್ಲವೆಂದು ತಲೆ ಕೆರೆದುಕೊಳ್ಳುವ ಪ್ರಸಂಗ ಲಿಸ್ಪಿನ ನವಶಿಷ್ಯರಿಗೆ ಒದಗುವುದುಂಟು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ನಿಲ್ಲಿಸಲಾಗದ ಯಂತ್ರಗಳ ಕಡೆಯಿಂದ ಮತ್ತೊಂದು ಸಮಾಧಾನ ಬಂದಿತು. ಟೆಲಿಫೋನ್ ಎಕ್ಸ್‌ಚೇಂಜನ್ನು, ಪ್ರೋಗ್ರಾಮನ್ನು ತಿದ್ದಬೇಕಾಗಿದೆಯೆಂಬ ನೆಪದಿಂದ, ಮುಚ್ಚುವುದು ಸಾಧ್ಯವಿಲ್ಲ. ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯಲ್ಲಿ 1986ರ ಹೊತ್ತಿಗೆ ಜೋ ಆರ್ಮ್‌ಸ್ಟ್ರಾಂಗ್ ಮೊದಲಾದವರು ರೂಪಿಸತೊಡಗಿದ ಎರ್ಲಾಂಗ್ ಭಾಷೆಯಲ್ಲಿ, ಒಂದೇ ಹೆಸರಿನ ಮಾಡ್ಯೂಲಿನ ಎರಡು ಆವೃತ್ತಿಗಳು, ಹಳೆಯದೊಂದು ಮತ್ತು ಹೊಸದೊಂದು, ಏಕಕಾಲದಲ್ಲಿ ಬದುಕಿರಲು ಅವಕಾಶವುಂಟು. ನಡೆಯುತ್ತಿರುವ ಸಂಭಾಷಣೆಗಳು ಹಳೆಯದರಲ್ಲಿ ಮುಗಿಯುತ್ತವೆ. ಹೊಸವು ಹೊಸದರಲ್ಲಿ ತೊಡಗುತ್ತವೆ. ಮೂರನೆಯದು ಬಂದರೆ ಮಾತ್ರ, ಅತ್ಯಂತ ಹಳೆಯದನ್ನೇ ಇನ್ನೂ ಹಿಡಿದುಕೊಂಡಿರುವ ಕಾರ್ಯಗಳಿಗೆ ಅಂತ್ಯ. ಎಷ್ಟು ತಲೆಮಾರುಗಳನ್ನು ಒಂದೇ ಸೂರಿನಡಿ ಇರಿಸಿಕೊಳ್ಳಬಹುದೆಂಬುದಕ್ಕೆ ಅವರು ಸ್ಪಷ್ಟವಾದ ಲೆಕ್ಕವನ್ನೇ ಇಟ್ಟರು.

ಬೆಲ್ ಲ್ಯಾಬಿನಲ್ಲಿ ಹುಟ್ಟಿದ ಸಿ ಭಾಷೆಯ ಸ್ವಭಾವವೇ ಬೇರೆ. ಅಲ್ಲಿ ಒಂದು ರಚನೆಯನ್ನು ಒಂದೇ ಕಂಪೈಲಿನಲ್ಲಿ ಎರಡು ಸಲ ನಿರೂಪಿಸಿದರೆ ಅದು ಬಹುಕಾಲ ಸ್ಪಷ್ಟವಾಗಿ ದೋಷವೆನಿಸಿಕೊಂಡಿದ್ದಿತು. ಹಲವರು ಹಂಚಿಕೊಳ್ಳುವ ನಿರೂಪಣೆಗಳುಳ್ಳ ಒಂದು ಹೆಡರ್ ಫೈಲನ್ನು ಇಬ್ಬರು ಬೇರೆ ಬೇರೆ ದಾರಿಗಳಿಂದ ಒಳಗೆ ಕರೆತಂದರೆ, ಯಾರ ತಪ್ಪೂ ಇಲ್ಲದೆ ಆ ದೋಷ ಸಂಭವಿಸುತ್ತಿತ್ತು. ಡೆನಿಸ್ ರಿಚಿ ರೂಪಿಸಿದ ಈ ಭಾಷೆಗೆ ಮೊದಲು ಒದಗಿದ, ಕಂಪೈಲಿಗೆ ಮುನ್ನ ಬರಹವನ್ನು ಅಣಿಗೊಳಿಸುವ ಪ್ರಿಪ್ರೊಸೆಸರ್ ಸರಳವಾಗಿದ್ದಿತು. ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅದನ್ನು ವಿಸ್ತರಿಸಿದಾಗ, ಷರತ್ತಿಗೆ ಒಳಪಟ್ಟು ಕೆಲವು ಸಾಲುಗಳನ್ನು ಬಿಟ್ಟುಬಿಡುವ ಸೌಕರ್ಯ ದೊರೆಯಿತು. ಆ ಸೌಕರ್ಯದ ಆಧಾರದಿಂದ ಸಿ ಬರೆಯುವವರಲ್ಲಿ ಒಂದು ಪದ್ಧತಿ ಬೇರೂರಿತು. ಪ್ರತಿ ಹೆಡರ್ ಫೈಲಿನ ತಲೆಯಲ್ಲಿ ‘ಈ ಗುರುತು ಇನ್ನೂ ಇಲ್ಲವಾದರೆ ಮಾತ್ರ ಮುಂದಿನದನ್ನು ಓದು’ ಎಂಬ ಕಾವಲು ಸಾಲನ್ನು ಬರೆದು, ಕೂಡಲೇ ಆ ಗುರುತನ್ನು ಇಡುವುದು. ಎರಡನೆಯ ಸಲ ಬಂದವನು ಗುರುತನ್ನು ಕಂಡು ಹೊಸ್ತಿಲಲ್ಲಿಯೇ ಹಿಂದಿರುಗುವನು. ಇಂದಿಗೂ ಸಿ ಕಲಿಯುವ ವಿದ್ಯಾರ್ಥಿಗಳು ಈ ಸಾಲುಗಳನ್ನು ಅರ್ಥವನ್ನು ವಿಚಾರಿಸದೆಯೇ ಬರೆಯುತ್ತಾರೆ. ಹೆಡರ್ ಫೈಲುಗಳು ಇತರ ಹೆಡರ್ ಫೈಲುಗಳನ್ನು ಕರೆತರುವುದೇ ಸಲ್ಲದೆಂದೂ, ಕಾವಲು ಸಾಲು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮಾಡುವ ಚಿಕಿತ್ಸೆಯೆಂದೂ ವಾದಿಸಿದವರು ಬೆಲ್ ಲ್ಯಾಬಿನಲ್ಲಿಯೇ ಇದ್ದರು. ರಾಬ್ ಪೈಕ್ ಅಂಥವರಲ್ಲಿ ಒಬ್ಬ. ಆದರೆ ಪದ್ಧತಿ ಗೆದ್ದಿತು, ವಾದ ಸೋತಿತು.

ಅದೇ ಬೆಲ್ ಲ್ಯಾಬಿನಲ್ಲಿ 1976ರಲ್ಲಿ ನಡೆದ ಒಂದು ಪ್ರಸಂಗ ನಮ್ಮ ವಿಷಯದ ಇನ್ನೊಂದು ಮುಖವನ್ನು ತೋರಿಸುತ್ತದೆ. ಯಾಕ್ ಎಂಬ ಪ್ರಸಿದ್ಧ ಸಾಧನದ ಕರ್ತೃವಾದ ಸ್ಟೀವ್ ಜಾನ್ಸನ್, ಒಂದು ಬೆಳಗಿನ ಹೊತ್ತನ್ನೆಲ್ಲ ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪನ್ನು ಹುಡುಕುತ್ತ ಕಳೆದು, ರೇಗಿಕೊಂಡು ಸ್ಟುವರ್ಟ್ ಫೆಲ್ಡ್‌ಮನ್ನನ ಕೋಣೆಗೆ ಬಂದನು. ತಪ್ಪನ್ನು ಅವನು ಆಗಲೇ ತಿದ್ದಿದ್ದನು. ಆದರೆ ತಿದ್ದಿದ ಫೈಲನ್ನು ಮರಳಿ ಕಂಪೈಲ್ ಮಾಡಿರಲಿಲ್ಲ. ಯಂತ್ರವು ಹಳೆಯದನ್ನೇ ನಡೆಸುತ್ತಿತ್ತು, ಇವನು ಹೊಸದನ್ನು ಓದುತ್ತಿದ್ದನು. ಫೆಲ್ಡ್‌ಮನ್ನನಿಗೂ ಹಿಂದಿನ ಸಂಜೆ ಅಂಥದೇ ಅನುಭವವಾಗಿದ್ದಿತು. ಇದರ ಫಲವಾಗಿ ಹುಟ್ಟಿದುದೇ ‘ಮೇಕ್’ ಎಂಬ ಸಾಧನ. ಫೈಲುಗಳ ಕಾಲಮುದ್ರೆಗಳನ್ನು ಹೋಲಿಸಿ, ಯಾವುದು ಹಳತಾಗಿದೆಯೋ ಅದನ್ನು ಮಾತ್ರ ಅದು ಹೊಸದಾಗಿ ಕಟ್ಟುತ್ತದೆ. ಎರಡು ಸಲ ನಿರೂಪಿಸುವುದು ಒಂದು ಬಗೆಯ ತೊಂದರೆಯಾದರೆ, ನಿರೂಪಣೆ ಹಳೆಯದಾಗಿಯೇ ಉಳಿದುಬಿಡುವುದು ಅದಕ್ಕಿಂತ ಗಹನವಾದ ತೊಂದರೆ. ಏಕೆಂದರೆ ಮೊದಲನೆಯದು ಕೂಗಿ ಹೇಳುತ್ತದೆ, ಎರಡನೆಯದು ಬಾಯಿ ಬಿಡುವುದಿಲ್ಲ.

ಇನ್ನು ಡೇಟಾಬೇಸಿನ ಕಡೆಗೆ ಬರೋಣ. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯನ್ನು ಪ್ರತಿಪಾದಿಸಿದ ಮೇಲೆ, ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು 1974ರಲ್ಲಿ ಪ್ರಕಟಿಸಿದ ಭಾಷೆಯಿಂದ ಇಂದಿನ ಎಸ್‌ಕ್ಯೂಎಲ್ ಬೆಳೆಯಿತು. ಅದರಲ್ಲಿ ಪ್ರತಿಯೊಂದು ಟೇಬಲಿನ ಹೆಸರೂ ಲಕ್ಷಣವೂ ಕೆಟಲಾಗ್ ಎಂಬ ದಾಖಲೆಯಲ್ಲಿ ಸೇರುತ್ತವೆ. ಆ ಹೆಸರಿನ ಟೇಬಲನ್ನು ಮತ್ತೆ ನಿರ್ಮಿಸಹೊರಟರೆ, ಅದು ಈಗಾಗಲೇ ಇದೆಯೆಂದು ಡೇಟಾಬೇಸು ನಿರಾಕರಿಸುತ್ತದೆ. ಹಳ್ಳಿಯ ಶಾಲೆಗೆ ತಾತನು ಮೊಮ್ಮಗನನ್ನು ಸೇರಿಸಿಹೋದ ಮರುದಿನ ತಂದೆಯೂ ಅದೇ ಹುಡುಗನನ್ನು ಕರೆತಂದರೆ, ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕವನ್ನು ತೆರೆದು ‘ಈ ಹೆಸರು ಆಗಲೇ ಬಂದಿದೆಯಲ್ಲಪ್ಪಾ’ ಎನ್ನುವರಷ್ಟೆ, ಅದೇ ನ್ಯಾಯ. ‘ಇಲ್ಲದಿದ್ದರೆ ಮಾತ್ರ ನಿರ್ಮಿಸು’ ಎಂಬ ವಿನಯದ ರೂಪವೂ ಹಲವು ಡೇಟಾಬೇಸುಗಳಲ್ಲಿ ಬಂದಿತು. ಸಿ ಭಾಷೆಯ ಕಾವಲು ಸಾಲಿನ ಸೋದರ ಅದು. ಅದಕ್ಕೊಂದು ಮಿತಿಯುಂಟು: ಹಳೆಯ ಟೇಬಲಿನ ಆಕಾರ ಬೇರೆಯಾಗಿದ್ದರೂ ಆ ಆಜ್ಞೆ ತುಟಿ ಬಿಚ್ಚುವುದಿಲ್ಲ.

ಟೆಸ್ಟುಗಳನ್ನು ಪ್ರೋಗ್ರಾಮಿನ ಭಾಷೆಯಲ್ಲಿಯೇ ಬರೆದು, ಬೇಕೆಂದಾಗ ನಡೆಸುವ ಆಚಾರಕ್ಕೆ ವ್ಯವಸ್ಥಿತ ರೂಪವನ್ನು ಕೊಟ್ಟವನು ಕೆಂಟ್ ಬೆಕ್. ಸ್ಮಾಲ್‌ಟಾಕ್ ಭಾಷೆಗಾಗಿ ತಾನು ರಚಿಸಿದ್ದ ಸಾಧನವನ್ನು, 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಎರಿಕ್ ಗಾಮನೊಡನೆ ಕುಳಿತು ಜಾವಾ ಭಾಷೆಗೆ ತಂದನು. ಜೆಯೂನಿಟ್ ಹುಟ್ಟಿದುದು ಹಾಗೆ. ಮಂಗೂಸಿನ ಆಕ್ಷೇಪಣೆಯ ನೇರ ಪೂರ್ವಜನನ್ನು ನಾವು ಕಾಣುವುದು ಈ ಜೆಯೂನಿಟ್ಟಿನಲ್ಲಿ. ಅದರ ಮೊದಲಿನ ಆವೃತ್ತಿಗಳಲ್ಲಿ ಒಂದು ಕಿಟಕಿಯಿದ್ದು, ಅದರಲ್ಲಿ ಹಸಿರು ಅಥವಾ ಕೆಂಪು ಪಟ್ಟಿ ಹರಿಯುತ್ತಿತ್ತು. ಅದರೊಳಗೆ ‘ಪ್ರತಿ ಸಲವೂ ಕ್ಲಾಸುಗಳನ್ನು ರೀಲೋಡ್ ಮಾಡು’ ಎಂಬ ಪುಟ್ಟ ಚೌಕವೊಂದಿತ್ತು. ಅದಕ್ಕೆ ಗುರುತು ಹಾಕಿದರೆ, ಕಿಟಕಿಯನ್ನು ಮುಚ್ಚದೆಯೇ, ತಿದ್ದಿದ ಪ್ರೋಗ್ರಾಮು ಹೊಸದಾಗಿ ಒಳಬರುತ್ತಿತ್ತು. ಜಾವಾದಲ್ಲಿ ಒಂದು ಕ್ಲಾಸಿನ ಗುರುತೆಂದರೆ ಅದರ ಹೆಸರಷ್ಟೇ ಅಲ್ಲ. ಅದನ್ನು ಒಳಗೆ ತಂದ ಲೋಡರ್ ಯಾವುದೆಂಬುದೂ ಗುರುತಿನ ಅಂಗ. ಒಂದೇ ಲೋಡರು ಒಂದೇ ಹೆಸರನ್ನು ಎರಡು ಸಲ ನಿರೂಪಿಸುವಂತಿಲ್ಲ. ಆದುದರಿಂದ ಜೆಯೂನಿಟ್ಟು ಪ್ರತಿ ಸಲವೂ ಹೊಸ ಲೋಡರನ್ನು ನೇಮಿಸುತ್ತಿತ್ತು. ಯುಕ್ತಿ ಚೆನ್ನಾಗಿಯೇ ಇದ್ದಿತು. ಆದರೆ ಕೆಲವು ಕ್ಲಾಸುಗಳನ್ನು ರೀಲೋಡಿನಿಂದ ಹೊರಗಿಡಬೇಕಾಗಿದ್ದು, ಅವುಗಳ ಪಟ್ಟಿ ಬೇರೆಯಾಗಿದ್ದಿತು. ಹಳೆಯ ಲೋಡರಿನ ಕ್ಲಾಸೂ ಹೊಸ ಲೋಡರಿನ ಕ್ಲಾಸೂ ಎದುರುಬದುರಾದಾಗ, ಹೆಸರೂ ಅಕ್ಷರವೂ ಒಂದೇ ಆಗಿದ್ದರೂ ಇದು ಅದಲ್ಲವೆಂದು ಜಾವಾ ತಗಾದೆ ತೆಗೆಯುತ್ತಿತ್ತು. 2006ರಲ್ಲಿ ಬಂದ ನಾಲ್ಕನೆಯ ಜೆಯೂನಿಟ್ಟಿನಲ್ಲಿ ಆ ಕಿಟಕಿಯೇ ಇರಲಿಲ್ಲ. ಅದರೊಡನೆ ಆ ಚೌಕವೂ ಹೋಯಿತು.

ಗುಂಡಿಯನ್ನು ಒತ್ತುವ ಶ್ರಮವೂ ಬೇಡ, ಫೈಲನ್ನು ಉಳಿಸಿದೊಡನೆ ಟೆಸ್ಟುಗಳು ತಾವಾಗಿಯೇ ನಡೆಯಲಿ ಎಂಬ ಆಸೆ ಈ ಶತಮಾನದ ಆರಂಭದ್ದು. ಎಂಐಟಿಯ ಡೇವಿಡ್ ಸ್ಯಾಫ್ ಮತ್ತು ಮೈಕೆಲ್ ಅರ್ನ್‌ಸ್ಟ್ 2003ರಲ್ಲಿ ‘ನಿರಂತರ ಪರೀಕ್ಷೆ’ ಎಂಬ ಭಾವನೆಯನ್ನು ವಿದ್ವಾಂಸರ ಮುಂದಿಟ್ಟರು: ತನಗೆ ಬಿಡುವಿರುವಾಗ ಯಂತ್ರವು ಹಿನ್ನೆಲೆಯಲ್ಲಿ ಟೆಸ್ಟುಗಳನ್ನು ನಡೆಸುತ್ತಿದ್ದರೆ, ತಪ್ಪು ಮಾಡಿದ ಕ್ಷಣಕ್ಕೂ ಅದು ತಿಳಿದುಬರುವ ಕ್ಷಣಕ್ಕೂ ನಡುವಣ ಅಂತರ ಕುಗ್ಗುವುದೆಂಬುದು ಅವರ ವಾದ. ರೂಬಿ ಭಾಷೆಯವರಲ್ಲಿ ರಯಾನ್ ಡೇವಿಸನ ಆಟೋಟೆಸ್ಟ್ ಈ ಆಚಾರವನ್ನು ಮನೆಮಾತಾಗಿಸಿತು. ಫೈಲು ಬದಲಾದುದನ್ನು ಪದೇಪದೇ ಹೋಗಿ ವಿಚಾರಿಸದೆ ಆಪರೇಟಿಂಗ್ ಸಿಸ್ಟಮ್ಮಿನಿಂದಲೇ ವರ್ತಮಾನ ಪಡೆಯುವ ಸೌಲಭ್ಯ ಲಿನಕ್ಸಿನಲ್ಲಿ 2005ರಲ್ಲಿ ಐನೋಟಿಫೈ ಎಂಬ ಹೊಸ ರೂಪದಲ್ಲಿ ಬಂದಿತು. ಕಾವಲುಗಾರನಿಗೆ ಕಣ್ಣು ಬಂದಂತಾಯಿತು.

ಈಗ ನಮ್ಮ ರಂಗಸ್ಥಳಕ್ಕೆ ಪಾತ್ರಗಳೆಲ್ಲ ಬಂದಿವೆ. 2009ರಲ್ಲಿ ರಯಾನ್ ಡಾಲ್ ನೋಡ್ ಅನ್ನು ಲೋಕಕ್ಕೆ ಪರಿಚಯಿಸಿದನು; ಮಾಂಗೊಡಿಬಿ ಪ್ರಕಟವಾದುದೂ ಅದೇ ವರ್ಷ. 2011ರಲ್ಲಿ ಟಿ. ಜೆ. ಹೊಲೊವೇಚಕ್ ಮೋಕಾವನ್ನು ಹೊರತಂದನು. ಮೋಕಾ ಎಂಬುದಾದರೋ, ಬಾಬಾ ಬುಡನ್ ಕಾಫಿಯ ಬೀಜವನ್ನು ಎಲ್ಲಿಂದ ತಂದನೆಂದು ನಮ್ಮ ಮಲೆನಾಡಿನಲ್ಲಿ ಪ್ರತೀತಿಯಿದೆಯೋ ಆ ಯೆಮನ್ ದೇಶದ ರೇವುಪಟ್ಟಣದ ಹೆಸರು. ನೋಡಿನಲ್ಲಿ ಒಂದು ಫೈಲನ್ನು ಮೊದಲ ಸಲ ಕರೆದಾಗ ಅದನ್ನು ಓದಿ ನಡೆಸಿ, ಫಲವನ್ನು ಅದರ ಪೂರ್ಣ ವಿಳಾಸದ ಕೆಳಗೆ ಕ್ಯಾಶ್ ಎಂಬ ಸಂಗ್ರಹದಲ್ಲಿ ಇಡಲಾಗುವುದು. ಆಮೇಲೆ ಎಷ್ಟು ಸಲ ಕರೆದರೂ ಕ್ಯಾಶಿನಲ್ಲಿರುವುದೇ ಕೈಗೆ ಬರುವುದು. ಈ ಕಾರಣದಿಂದಲೇ ಸಾಮಾನ್ಯ ದಿನಗಳಲ್ಲಿ ‘ಯೂಸರ್’ ಫೈಲನ್ನು ಹತ್ತು ಕಡೆಗಳಿಂದ ಕರೆದರೂ ಮಂಗೂಸು ಆಕ್ಷೇಪಿಸುವುದಿಲ್ಲ. ಮಾಡೆಲನ್ನು ಮಾಡೆಂಬ ಸಾಲು ನಡೆಯುವುದು ಒಂದೇ ಸಲ. ಆದರೆ ಫೈಲುಗಳ ಮೇಲೆ ಕಣ್ಣಿಟ್ಟು ಕೂರುವ ವಾಚ್ ಮೋಡಿನಲ್ಲಿ ಮೋಕಾ ಈ ಕ್ಯಾಶಿಗೆ ಕೈಹಾಕಲೇಬೇಕು, ಇಲ್ಲದಿದ್ದರೆ ತಿದ್ದಿದ ಫೈಲು ಒಳಗೆ ಬಾರದು. ಅದರ ಹಳೆಯ ಆವೃತ್ತಿಗಳು ನಮ್ಮ ಯೋಜನೆಯ ಫೈಲುಗಳನ್ನೆಲ್ಲ ಕ್ಯಾಶಿನಿಂದ ಅಳಿಸಿ, ಹೊರಗಿನಿಂದ ತಂದ ತಂತ್ರಾಂಶಗಳು ವಾಸಿಸುವ ‘ನೋಡ್ ಮಾಡ್ಯೂಲ್ಸ್’ ಫೋಲ್ಡರನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದುವು. ಮಂಗೂಸಿನ ನಿವಾಸ ಆ ಫೋಲ್ಡರಿನಲ್ಲಿ. ಪರಿಣಾಮವಾಗಿ ‘ಯೂಸರ್’ ಫೈಲು ತನ್ನ ಹಿಂದಿನ ಜನ್ಮವನ್ನು ಮರೆತು ಹೊಸದಾಗಿ ಹುಟ್ಟುತ್ತದೆ; ಮಂಗೂಸು ಮಾತ್ರ ಮೊದಲಿನದೇ, ಮಾಡೆಲುಗಳ ಹೆಸರುಗಳನ್ನು ಅದು ಬರೆದಿಟ್ಟುಕೊಂಡ ದಾಖಲೆ ಪುಸ್ತಕವೂ ಮೊದಲಿನದೇ.

ಈ ದಾಖಲೆ ಪುಸ್ತಕದ ವಿಚಾರದಲ್ಲಿ ಒಂದು ಸ್ವಾರಸ್ಯವುಂಟು. ಅದೇ ಹೆಸರು ಎರಡನೆಯ ಸಲ ಬಂದಮಾತ್ರಕ್ಕೆ ಮಂಗೂಸು ಸಿಟ್ಟಾಗುವುದಿಲ್ಲ; ಜೊತೆಗೆ ಬಂದ ಸ್ಕೀಮಾ ಮೊದಲಿನ ಸ್ಕೀಮಾ ಹೌದೋ ಅಲ್ಲವೋ ಎಂದು ನೋಡುತ್ತದೆ. ನೋಡುವುದು ಒಳಗಣ ನಿಯಮಗಳನ್ನಲ್ಲ, ವ್ಯಕ್ತಿತ್ವವನ್ನು. ಮರಳಿ ಓದಿದ ಫೈಲು ಅಕ್ಷರಶಃ ಅವೇ ನಿಯಮಗಳುಳ್ಳ ಸ್ಕೀಮಾವನ್ನು ತಂದರೂ ಅದು ಹೊಸದಾಗಿ ಹುಟ್ಟಿದ ವಸ್ತು. ಅವಳಿಗಳಲ್ಲಿ ಒಬ್ಬನು ಇನ್ನೊಬ್ಬನ ಸಹಿ ಮಾಡುವಂತಿಲ್ಲ. ಇದೇ ಕಾರಣದಿಂದ ವಾಚ್ ಮೋಡಿನ ಸೋಂಕೇ ಇಲ್ಲದ ಕಡೆಯಲ್ಲಿಯೂ ಈ ದೋಷ ಕಾಣಿಸಿಕೊಳ್ಳುವುದುಂಟು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಎಣಿಸದ ಫೈಲ್ ಸಿಸ್ಟಮ್ಮುಗಳಲ್ಲಿ, ಒಬ್ಬನು ದೊಡ್ಡ ಅಕ್ಷರದಿಂದಲೂ ಮತ್ತೊಬ್ಬನು ಸಣ್ಣ ಅಕ್ಷರದಿಂದಲೂ ಒಂದೇ ಫೈಲನ್ನು ಕರೆದರೆ, ನೋಡಿನ ಕ್ಯಾಶು ಅವನ್ನು ಎರಡು ವಿಳಾಸಗಳೆಂದು ಬಗೆದು ಫೈಲನ್ನು ಎರಡು ಸಲ ನಡೆಸುತ್ತದೆ. ಅಲ್ಲಿ ಮಂಗೂಸಿನ ಕೂಗು ನಿಜವಾದ ತಪ್ಪನ್ನೇ ತೋರಿಸುತ್ತದೆ. ಕರೆಯುವ ಹೆಸರುಗಳನ್ನು ಏಕರೂಪವಾಗಿ ತಿದ್ದುವುದೇ ಅದಕ್ಕೆ ಮದ್ದು.

ಇತರ ಮನೆಗಳಲ್ಲಿಯೂ ಇದೇ ಕಥೆ. ಪೈಥಾನ್ ಭಾಷೆಯ ಎಸ್‌ಕ್ಯೂಎಲ್ ಆಲ್ಕೆಮಿಯು, ಈ ಟೇಬಲು ತನ್ನ ಮೆಟಾಡೇಟಾದಲ್ಲಿ ಆಗಲೇ ನಿರೂಪಿತವಾಗಿದೆಯೆಂದು ಹೇಳಿ, ಇರುವುದನ್ನೇ ವಿಸ್ತರಿಸುವುದು ನಿನ್ನ ಉದ್ದೇಶವಾದರೆ ಹಾಗೆಂದು ಸ್ಪಷ್ಟವಾಗಿ ತಿಳಿಸೆಂದು ಕೇಳುತ್ತದೆ. ರೂಬಿ ಆನ್ ರೈಲ್ಸ್ ಕ್ಲಾಸುಗಳನ್ನು ಕಳಚಿ ಹೊಸದಾಗಿ ತೊಡಿಸುವಾಗ, ಎಲ್ಲಿಯೋ ಹಿಡಿದಿಟ್ಟ ಹಳೆಯ ಕ್ಲಾಸು ಹೊಸದರೊಡನೆ ಜಗಳಕ್ಕೆ ನಿಲ್ಲುವುದುಂಟು. ಭಾಷೆ ಬೇರೆ, ವಾಕ್ಯ ಬೇರೆ, ಕಾರಣ ಒಂದೇ: ಅಲ್ಪಾಯುವಾದ ಒಂದು ನೆನಪೂ ದೀರ್ಘಾಯುವಾದ ಮತ್ತೊಂದು ನೆನಪೂ ಒಂದೇ ಹೆಸರನ್ನು ಹಂಚಿಕೊಂಡಿವೆ.

ಪರಿಹಾರಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ಸಿ ಭಾಷೆಯ ಕಾವಲು ಸಾಲಿನ ವಂಶಜ. ಮಂಗೂಸಿನ ಮಾಡೆಲುಗಳ ಪಟ್ಟಿಯಲ್ಲಿ ‘ಯೂಸರ್’ ಇದೆಯೇ ಎಂದು ಮೊದಲು ನೋಡಿ, ಇದ್ದರೆ ಅದನ್ನೇ ತೆಗೆದುಕೊಂಡು, ಇಲ್ಲವಾದರೆ ಹೊಸದನ್ನು ಮಾಡುವುದು. ಒಂದೇ ಸಾಲಿನ ತಿದ್ದುಪಡಿ. ಕೆಂಪು ಅಕ್ಷರಗಳು ಕೂಡಲೇ ಮಾಯ. ಆದರೆ ಇಲ್ಲಿ ಡೆಫ್‌ವಾರನ್ನೂ ಸ್ಟೀವ್ ಜಾನ್ಸನ್ನನ ವ್ಯರ್ಥವಾದ ಬೆಳಗನ್ನೂ ನೆನೆಯಬೇಕು. ನಮ್ಮ ಪ್ರೋಗ್ರಾಮರಳು ಸ್ಕೀಮಾದಲ್ಲಿ ವಯಸ್ಸು ಹದಿನೆಂಟಕ್ಕೆ ಕಡಮೆಯಿರಬಾರದೆಂಬ ನಿಯಮವನ್ನು ಹೊಸದಾಗಿ ಸೇರಿಸಿ ಉಳಿಸುತ್ತಾಳೆಂದು ಭಾವಿಸೋಣ. ಫೈಲು ಹೊಸದಾಗಿ ಓದಲ್ಪಡುತ್ತದೆ, ಹೊಸ ಸ್ಕೀಮಾ ಸಿದ್ಧವಾಗುತ್ತದೆ. ಆದರೆ ಕಡೆಯ ಸಾಲು, ಹೆಸರು ಆಗಲೇ ಇದೆಯೆಂದು, ಹಳೆಯ ಮಾಡೆಲನ್ನೇ ಹಿಂದಿರುಗಿಸುತ್ತದೆ. ಹೊಸ ನಿಯಮಕ್ಕಾಗಿ ಬರೆದ ಟೆಸ್ಟು ಸೋಲುತ್ತದೆ, ಅಥವಾ ಸೋಲಬೇಕಾದ ಟೆಸ್ಟು ಗೆಲ್ಲುತ್ತದೆ. ಫೈಲು ಬದಲಾದೊಡನೆ ಹೊಸದನ್ನು ಪರೀಕ್ಷಿಸಲೆಂದೇ ನೇಮಿಸಿದ ಕಾವಲುಗಾರನ ಮುಂದೆ ಹಳೆಯದನ್ನೇ ನಿಲ್ಲಿಸಿದಂತಾಗುತ್ತದೆ. ಸ್ಕೀಮಾ ಬದಲಾಗದ ಕಡೆ ಈ ಉಪಾಯ ನಿರಪಾಯಕರ. ಟೆಸ್ಟುಗಳ ನೆರಳಿನಲ್ಲಿ ಸ್ಕೀಮಾವನ್ನು ತಿದ್ದುತ್ತಿರುವಾಗ ಅದು ಕೈಕೊಡುತ್ತದೆ.

ಎರಡನೆಯ ಉಪಾಯ ದಾಖಲೆ ಪುಸ್ತಕವನ್ನು ಒರೆಸುವುದು. ಹಿಂದೆ ಜನರು ಮಂಗೂಸಿನ ಒಳಗಣ ಪಟ್ಟಿಗಳಿಗೇ ನೇರವಾಗಿ ಕೈಹಾಕಿ ಅವನ್ನು ಬರಿದು ಮಾಡುತ್ತಿದ್ದರು. ಅದು ಬೇರೆಯವರ ಮನೆಯ ಬೀರುವನ್ನು ತೆರೆದಂತೆ. ತರು­ವಾಯ ಮಂಗೂಸಿನ ಕರ್ತೃಗಳೇ ‘ಡಿಲೀಟ್ ಮಾಡೆಲ್’ ಎಂಬ ಬಾಗಿಲನ್ನು ಇಟ್ಟು, ಟೆಸ್ಟುಗಳಲ್ಲಿ ಹುಟ್ಟಿಸಿದ ಮಾಡೆಲುಗಳನ್ನು ತೊಲಗಿಸಿ ಈ ದೋಷವನ್ನು ತಪ್ಪಿಸಿಕೊಳ್ಳಲು ಇದನ್ನು ಬಳಸಬಹುದೆಂದು ಕೈಪಿಡಿಯಲ್ಲಿಯೇ ಬರೆದಿದ್ದಾರೆ. ಒಂದು ಹೆಸರನ್ನಾಗಲಿ, ಎಲ್ಲ ಹೆಸರುಗಳಿಗೂ ಹೊಂದುವ ಒಂದು ಮಾದರಿಯನ್ನಾಗಲಿ ಅದಕ್ಕೆ ಕೊಡಬಹುದು. ಎಲ್ಲ ಟೆಸ್ಟುಗಳೂ ಮುಗಿದ ಮೇಲೆ ನಡೆಯುವ ಕಡೆಯ ಹುಕ್ಕಿನಲ್ಲಿ ಈ ಕೆಲಸವನ್ನು ಇಟ್ಟರೆ, ಮುಂದಿನ ಸಲ ಫೈಲುಗಳು ಬರುವ ಹೊತ್ತಿಗೆ ಪುಸ್ತಕ ಬರಿದಾಗಿರುತ್ತದೆ. ಮೋಕಾ ನೋಡಿನ ಕ್ಯಾಶನ್ನು ಒರೆಸುವಾಗ ಮಂಗೂಸೂ ತನ್ನ ಪುಸ್ತಕವನ್ನು ಒರೆಸಿಕೊಂಡರೆ ಎರಡು ನೆನಪುಗಳ ಆಯುಸ್ಸು ಸಮನಾಯಿತು.

ಮೂರನೆಯದು ರಚನೆಯನ್ನೇ ತಿದ್ದುವುದು. ‘ಯೂಸರ್’ ಫೈಲು ಸ್ಕೀಮಾವನ್ನು ಮಾತ್ರ ಹೇಳಿ ಸುಮ್ಮನಿರಲಿ. ಡೇಟಾಬೇಸಿನೊಡನೆ ಪ್ರತ್ಯೇಕವಾದ ಕನೆಕ್ಷನ್ನನ್ನು ತೆರೆದು, ಆ ಕನೆಕ್ಷನ್ನಿನ ಮೇಲೆಯೇ ಮಾಡೆಲನ್ನು ಮಾಡಿಕೊಳ್ಳುವ ಹೊಣೆ ಬೇರೆಡೆಗಿರಲಿ. ಮಂಗೂಸಿನಲ್ಲಿ ಪ್ರತಿ ಕನೆಕ್ಷನ್ನಿಗೂ ತನ್ನದೇ ಆದ ಮಾಡೆಲುಗಳ ಪಟ್ಟಿಯುಂಟು. ಪ್ರತಿ ಪ್ರಯೋಗಕ್ಕೂ ಹೊಸ ಕನೆಕ್ಷನ್ನು, ಪ್ರಯೋಗ ಮುಗಿದೊಡನೆ ಅದರ ಮುಕ್ತಾಯ. ಜೆಯೂನಿಟ್ಟಿನ ಹೊಸ ಲೋಡರಿನ ಯುಕ್ತಿಯೇ ಇದು, ಆದರೆ ಇಲ್ಲಿ ಅದು ಬಚ್ಚಿಟ್ಟ ತಂತ್ರವಾಗಿರದೆ ಬರಹದಲ್ಲಿಯೇ ಕಾಣಿಸುತ್ತದೆ. ನಾಲ್ಕನೆಯದು ವಿಲ್ಕ್ಸನ ಕಾಲಕ್ಕೆ ಹಿಂದಿರುಗುವುದು: ಪ್ರತಿ ಸಲವೂ ಮೋಕಾವನ್ನು ಹೊಸ ಪ್ರೋಸೆಸ್ಸಾಗಿ ಹೊರಡಿಸುವುದು. ಅದಕ್ಕೆ ಕೆಲವು ಕ್ಷಣಗಳು ಹೆಚ್ಚಾಗಿ ಬೇಕು. ಆದರೆ ಹಿಂದಿನ ಪ್ರಯೋಗದ ಧೂಳು ಒಂದು ಕಣವೂ ಉಳಿಯದು. ಫೇಸ್‌ಬುಕ್ಕಿನಲ್ಲಿ ಬೆಳೆದ ಜೆಸ್ಟ್ ಎಂಬ ಸಾಧನವು ಪ್ರತಿಯೊಂದು ಟೆಸ್ಟ್ ಫೈಲಿಗೂ ಬೇರೆಯಾದ ಮಾಡ್ಯೂಲ್ ದಾಖಲೆಯನ್ನೇ ಕಟ್ಟಿಕೊಡುವುದರ ಹಿಂದೆಯೂ ಈ ಶುಚಿತ್ವದ ಅಪೇಕ್ಷೆಯೇ ಇದೆ. ಅಲ್ಲಿ ಮಂಗೂಸೂ ಪ್ರತಿ ಫೈಲಿಗೆ ಹೊಸದಾಗಿಯೇ ಹುಟ್ಟುತ್ತದೆ.

ಈ ನಾಲ್ಕರಲ್ಲಿ ಯಾವುದನ್ನು ಹಿಡಿಯಬೇಕು? ಹೊಸದಾಗಿ ಕಟ್ಟುವ ಯೋಜನೆಯಾದರೆ ಮೂರನೆಯದು ಶ್ರೇಷ್ಠ. ಹಳೆಯ ಯೋಜನೆಯಲ್ಲಿ ಎಲ್ಲವನ್ನೂ ತಿದ್ದಲು ವ್ಯವಧಾನವಿಲ್ಲದವರಿಗೆ ಎರಡನೆಯದು ಸಾಕು. ಟೆಸ್ಟುಗಳು ಕಡಮೆಯಿದ್ದು ಬೇಗ ಮುಗಿಯುವಂತಿದ್ದರೆ ನಾಲ್ಕನೆಯದರಷ್ಟು ನಿಶ್ಚಿಂತವಾದದ್ದು ಬೇರೆಯಿಲ್ಲ. ಎಲ್ಲರ ಕೈಗೂ ಮೊದಲು ಸಿಗುವ ಮೊದಲನೆಯದನ್ನು ಕಡೆಗೆ ಇಡಬೇಕು. ಅದು ಬೇಡವೇ ಬೇಡವೆಂದಲ್ಲ, ಅದರ ಬೆಲೆ ಏನೆಂದು ತಿಳಿದವರು ಮಾತ್ರ ಅದನ್ನು ಕೊಳ್ಳಬೇಕೆಂದು. ಓದುಗರಲ್ಲಿ ಯಾರ ಯೋಜನೆಯಲ್ಲಾದರೂ ಆ ಸಾಲು ಈಗಾಗಲೇ ಇದ್ದರೆ, ವಾಚ್ ಮೋಡು ನಡೆಯುತ್ತಿರುವಾಗಲೇ ಸ್ಕೀಮಾದಲ್ಲಿ ಟೆಸ್ಟನ್ನು ಖಂಡಿತವಾಗಿ ಸೋಲಿಸಬೇಕಾದ ನಿಯಮವೊಂದನ್ನು ಸೇರಿಸಿ, ಫೈಲನ್ನು ಉಳಿಸಿ ನೋಡಲಿ. ಆಗಲೂ ಟೆಸ್ಟುಗಳು ಹಸಿರಾಗಿಯೇ ಉಳಿದರೆ, ಆ ಸಾಲನ್ನು ಅಂದೇ ತೆಗೆದುಹಾಕಲಿ.